ಜಲಾನಯನದ ನೌಕರಿ: ಸೇರುವ ಮುಂಚೆ ಕಲಿಯಬೇಕಾದ ಪಾಠಗಳು

ನನ್ನ ತಂಗಿ ಮಗ ಬಿ.ಎಸ್ಸಿ. ಕೃಷಿ ಮುಗಿಸಿದ್ದಾನೆ. ಯುಗಾದಿಗೆ ಊರಿಗೆ ಬಂದವನು, "ಮಾವ, ಜಲಾನಯನ ಯೋಜನೆಯಲ್ಲಿ ಗುತ್ತಿಗೆ ಕೆಲಸ ಇದೆ. ಅದಕ್ಕೆ ಸೇರಲಾ, ಗೊಬ್ಬರದ ಕಂಪನಿಗೆ ಹೋಗಲಾ?" ಅಂತ ಕೇಳಿದ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ನಮ್ಮೂರಿನ ಜಲಾನಯನ ಸಮಿತಿಯಲ್ಲಿ ಐದು ವರ್ಷ ಇದ್ದವನು. ಆ ಕೆಲಸ ಮಾಡಿದವರನ್ನೂ ನೋಡಿದ್ದೇನೆ, ಕೆಡಿಸಿದವರನ್ನೂ ನೋಡಿದ್ದೇನೆ. ಅವನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಹುಡುಗರು, ಹುಡುಗಿಯರು ಈ ಕೆಲಸಕ್ಕೆ ಹೊರಟಿದ್ದರೆ ಉಪಯೋಗಕ್ಕೆ ಬಂದೀತು. ಊರಿಗೆ ಬರುವ ಅಧಿಕಾರಿಯಿಂದ ಸರಿಯಾಗಿ ಕೆಲಸ ಮಾಡಿಸಿಕೊಳ್ಳಲು ನಮಗೂ ಇದು ಗೊತ್ತಿರಬೇಕು.

ಎಷ್ಟು ದೊಡ್ಡ ಕೆಲಸ?

ಮೊದಲು ಮಳೆಯ ಲೆಕ್ಕ ತಿಳಿಯಬೇಕು. ಒಂದು ಎಕರೆಗೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ಅಂದರೆ ಐದು ಸಾವಿರ ಲೀಟರಿನ ಎಂಟು ಟ್ಯಾಂಕರ್. ನಮ್ಮ ಬಯಲುಸೀಮೆಯಲ್ಲಿ ವರ್ಷಕ್ಕೆ 50-60 ಸೆಂಟಿಮೀಟರ್ ಮಳೆ ಬಂದರೂ ನಾವು "ನೀರಿಲ್ಲ" ಅನ್ನುತ್ತೇವೆ. ಬಿದ್ದದ್ದು ಹರಿದು ಹೋಗುತ್ತದೆ, ಹೋಗುವಾಗ ಮೇಲಿನ ಒಳ್ಳೆ ಮಣ್ಣನ್ನೂ ಒಯ್ಯುತ್ತದೆ. ಓಡುವ ನೀರನ್ನು ನಡೆಸುವುದು, ನಡೆಯುವ ನೀರನ್ನು ನಿಲ್ಲಿಸುವುದು, ನಿಂತದ್ದನ್ನು ಇಂಗಿಸುವುದು. ಜಲಾನಯನ ಕೆಲಸ ಅಂದರೆ ಇಷ್ಟೇ.

ಹೇಳಲು ಇಷ್ಟೇ ಆದರೂ ಮಾಡುವ ಜಾಗ ದೊಡ್ಡದು. 2008ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಒಂದು ಯೋಜನೆಗೆ ಸರಾಸರಿ 5,000 ಹೆಕ್ಟೇರ್, ಅಂದರೆ 12,000 ಎಕರೆಗೂ ಮೇಲೆ. ಅದನ್ನು ನೋಡಿಕೊಳ್ಳುವ ತಂಡದಲ್ಲಿ ಕಡಿಮೆ ಎಂದರೆ ನಾಲ್ಕು ಜನ. ಕೃಷಿ, ಮಣ್ಣು, ನೀರು, ಜನಸಂಘಟನೆ ತಿಳಿದವರು ಅದರಲ್ಲಿ ಇರಬೇಕು, ಒಬ್ಬರಾದರೂ ಹೆಣ್ಣುಮಗಳಿರಬೇಕು. ಹಳ್ಳಿಯಲ್ಲಿ ಜಲಾನಯನ ಸಮಿತಿ, ಅದಕ್ಕೆ ಸಂಬಳದ ಒಬ್ಬ ಕಾರ್ಯದರ್ಶಿ. ಕೆಲಸ ಕಾಗದದ ಮೇಲೆ ಎಷ್ಟು ಚೆಂದ ಇದ್ದರೂ ಕೊನೆಗೆ ನಿಲ್ಲುವುದು ಈ ನಾಲ್ಕೈದು ಜನರ ಕಾಲ್ನಡಿಗೆಯ ಮೇಲೆ.

ಪಾಠ 1: ಮೇಲಿನಿಂದ ಕೆಳಕ್ಕೆ

ಗುಡ್ಡದಿಂದ ಹಳ್ಳಕ್ಕೆ ಬರಬೇಕು, ಹಳ್ಳದಿಂದ ಗುಡ್ಡಕ್ಕೆ ಹೋಗಬಾರದು. ಮೊದಲು ಗುಡ್ಡದ ನೆತ್ತಿಯಲ್ಲಿ ಕಂದಕ, ಗಿಡ, ಹುಲ್ಲು. ಆಮೇಲೆ ಹೊಲದಲ್ಲಿ ಬದು. ಆಮೇಲೆ ಕೊರಕಲಿಗೆ ಕಲ್ಲಿನ ತಡೆ. ಚೆಕ್ ಡ್ಯಾಂ ಕೊನೆಗೆ. ಆದರೆ ಚೆಕ್ ಡ್ಯಾಮಿಗೆ ಸಿಮೆಂಟು ಬೇಕು, ಕಲ್ಲು ಬೇಕು, ಗುತ್ತಿಗೆ ಬೇಕು, ಫೋಟೋಕ್ಕೂ ಅದೇ ಚೆಂದ. ಹಾಗಾಗಿ ಅದನ್ನೇ ಮೊದಲು ಕಟ್ಟಿ ಅನ್ನುವ ಒತ್ತಡ ಬರುತ್ತದೆ. ಮೇಲಿನ ಗುಡ್ಡ ಬೋಳಾಗಿದ್ದರೆ ಎರಡು ಮೂರು ಮಳೆಗಾಲದಲ್ಲಿ ಡ್ಯಾಂ ತುಂಬ ಹೂಳು. ಈ ಒತ್ತಡಕ್ಕೆ "ಈಗ ಬೇಡ" ಅನ್ನುವ ಗಟ್ಟಿತನ ಇಲ್ಲದವನು ಈ ನೌಕರಿಗೆ ಬರಬಾರದು.

ಪಾಠ 2: ಮಣ್ಣು ನೋಡಿ ಬದು

ಇದು ನಮ್ಮೂರಿನಲ್ಲೇ ಆದದ್ದು. 2011ರಲ್ಲಿ ಬಂದ ತಂಡ ಕೆಂಪು ಹೊಲಕ್ಕೂ ಎರೆ ಹೊಲಕ್ಕೂ ಒಂದೇ ಎಸ್ಟಿಮೇಟ್ ಹಾಕಿತು. ಎಲ್ಲ ಕಡೆ ಸಮಪಾತಳಿ ಬದು. ಕೆಂಪು ಹೊಲದಲ್ಲಿ ಚೆನ್ನಾಗಿ ಆಯ್ತು. ಎರೆ ಹೊಲದಲ್ಲಿ ನೀರು ಇಂಗದೆ ಬದುವಿನ ಹಿಂದೆ ನಿಂತು ಜೋಳ ಹಳದಿಯಾಯ್ತು. ಬೇಸಿಗೆಗೆ ಬದು ಬಿರುಕು ಬಿಟ್ಟಿತು. ಮರುವರ್ಷ ಚಿತ್ತೆ ಮಳೆ ಒಂದೇ ರಾತ್ರಿ ಹೊಡೆದಾಗ ಬಿರುಕಿನಲ್ಲಿ ನೀರು ನುಗ್ಗಿ ಬದು ಒಡೆಯಿತು. ಕೆಳಗಿದ್ದದ್ದು ಗಂಡನಿಲ್ಲದ ಒಬ್ಬ ಹೆಣ್ಣುಮಗಳ ಒಂದೂವರೆ ಎಕರೆ. ಆಳುದ್ದ ಕೊರಕಲು ಬಿದ್ದು ತೊಗರಿ ಸಾಲೆಲ್ಲ ಹಳ್ಳ ಸೇರಿತು. ಸಮಿತಿಯಲ್ಲಿ ಬದುವಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಆಕೆ ನಮ್ಮ ಮನೆ ಬಾಗಿಲಿಗೆ ಬಂದು, "ಅಣ್ಣಾ, ಬದು ಬೇಡ ಅಂತ ನಾನು ಹೇಳಿರಲಿಲ್ವಾ?" ಅಂದಳು. ಹೇಳಿದ್ದಳು. ನಾವು ಕೇಳಿರಲಿಲ್ಲ.

ಆಮೇಲೆ ತಿಳಿದವರಿಂದ ಕಲಿತದ್ದು ಇದು. ಸಮಪಾತಳಿ ಬದು ಒಗ್ಗುವುದು ಮಳೆ 60 ಸೆಂಟಿಮೀಟರ್ ಒಳಗಿರುವ, ನೀರು ಹೀರುವ ಹಗುರ ಮಣ್ಣಿಗೆ. ಆಳವಾದ ಎರೆ ಭೂಮಿಗೆ ಸ್ವಲ್ಪ ಇಳಿಜಾರು ಕೊಟ್ಟ ಬದು ಬೇಕು. 100 ಮೀಟರ್ ಉದ್ದಕ್ಕೆ 20ರಿಂದ 40 ಸೆಂಟಿಮೀಟರ್ ಇಳಿತ. ಹೆಚ್ಚಿನ ನೀರು ಮೆಲ್ಲಗೆ ನಡೆದು ಹುಲ್ಲು ಬೆಳೆದ ಕಾಲುವೆಗೆ ಸೇರಬೇಕು. ಯಾವ ಬದುವಾದರೂ ಕೋಡಿ ಗಟ್ಟಿ ನೆಲದ ಮೇಲೆ, ಕಲ್ಲು ಹಾಸಿ ಇರಬೇಕು. ಕೋಡಿಯಿಂದ ಬಿದ್ದ ನೀರು ಯಾರ ಹೊಲಕ್ಕೆ ಹೋಗುತ್ತದೆ ಅಂತ ಮೊದಲೇ ನೋಡಬೇಕು. ಬದು ಹಾಕಿದವನು ಬಿಸಿಲಲ್ಲಿ ಅಳತೆ ಮಾಡಿದರೆ ಸಾಲದು, ಮಳೆ ಬರುವಾಗ ಕೊಡೆ ಹಿಡಿದು ಹೊಲದಲ್ಲಿ ನಿಲ್ಲಬೇಕು.

ಮಟ್ಟ ಹಿಡಿಯಲು ದೊಡ್ಡ ಯಂತ್ರವೇ ಬೇಕಂತಿಲ್ಲ. ಗಾರೆಯವರ ನೀರಿನ ಪೈಪು ಸಾಕು. ಇಲ್ಲವೆ ಮೂರು ಗಳ ಕಟ್ಟಿ, ನಡುವೆ ದಾರಕ್ಕೆ ಕಲ್ಲು ತೂಗಿಬಿಟ್ಟ ಎ ಆಕಾರದ ಚೌಕಟ್ಟು ಸಾಕು. ಇದನ್ನು ರೈತರ ಕೈಯಲ್ಲೇ ಹಿಡಿಸಿದರೆ ಬದುವಿನ ಗೆರೆ ಯಾಕೆ ಬಳುಕುತ್ತದೆ ಅಂತ ಅವರಿಗೇ ತಿಳಿಯುತ್ತದೆ.

ಪಾಠ 3: ಆಸೆ ಹುಟ್ಟಿಸಬೇಡ, ಲೆಕ್ಕ ಹೇಳು

ಕೃಷಿಹೊಂಡದ ಮಾತು. ಮೇಲೆ 10 ಮೀಟರ್‌ಗೆ 10 ಮೀಟರ್, ಆಳ 3 ಮೀಟರ್ ಅಂದಾಗ "ಮೂರು ಲಕ್ಷ ಲೀಟರ್ ನೀರು" ಅಂತ ಹೇಳಿಬಿಡುತ್ತಾರೆ. ದಡ ಇಳಿಜಾರಾಗಿರುವುದರಿಂದ ತಳ 4 ಮೀಟರ್‌ಗೆ 4 ಮೀಟರ್ ಆದರೆ ಹಿಡಿಯುವುದು ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ. ಒಂದು ಎಕರೆಗೆ ಸಮನಾಗಿ ಹರಡಿದರೆ ನಾಲ್ಕು ಸೆಂಟಿಮೀಟರೂ ಇಲ್ಲ. ಕೆಮ್ಮಣ್ಣಿನಲ್ಲಿ ತಳಕ್ಕೆ ಏನೂ ಹಾಸದಿದ್ದರೆ ಅದೂ ನಿಲ್ಲುವುದಿಲ್ಲ. ಹೂ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಾಗ ಒಂದು ಸಲ ಜೀವ ಉಳಿಸುವಷ್ಟು ನೀರು. ಅಷ್ಟಾದರೂ ದೊಡ್ಡದೇ. ಆದರೆ ಮೂರು ಎಕರೆ ತೋಟ ಮಾಡಬಹುದು ಅಂದವನ ಮಾತು ಕೇಳಿ ಸಾಲ ಮಾಡಿದವನ ಗತಿ ಏನು?

ಪಾಠ 4: ಮೇಯುವ ದನದ ಒಡೆಯನನ್ನೂ ಕೇಳು

ಚಂಡೀಗಢದ ಸುಖನಾ ಕೆರೆಗೆ ಹೂಳು ತುಂಬುತ್ತಿತ್ತು. ಅಲ್ಲಿನ ಮಣ್ಣು ಸಂರಕ್ಷಣಾ ಕೇಂದ್ರದ ಪಿ.ಆರ್. ಮಿಶ್ರಾ ಅವರು ಹೂಳಿನ ಜಾಡು ಹಿಡಿದು ಹರಿಯಾಣದ ಸುಖೋಮಾಜ್ರಿ ಅನ್ನುವ ಹಳ್ಳಿಗೆ ಹೋದರು. ದನ, ಮೇಕೆ ಮೇಯ್ದು ಗುಡ್ಡ ಬೋಳಾಗಿತ್ತು. 1970ರ ದಶಕದ ಕೊನೆಯಲ್ಲಿ ಅಲ್ಲಿ ಮಣ್ಣಿನ ಒಡ್ಡುಗಳಾದವು. ಗುಡ್ಡಕ್ಕೆ ದನ ಬಿಡಬೇಡಿ ಅಂದರೆ ಹೊಲವಿಲ್ಲದವನು ಯಾಕೆ ಕೇಳಬೇಕು? ಅದಕ್ಕೆ ಒಡ್ಡಿನ ನೀರಿನಲ್ಲಿ ಹೊಲ ಇಲ್ಲದ ಮನೆಗೂ ಸಮಪಾಲು ಅಂತ ಊರವರು ಒಪ್ಪಿಕೊಂಡರು. ಹೊಲವಿಲ್ಲದವನು ತನ್ನ ಪಾಲು ಬೇರೆಯವರಿಗೆ ಕೊಡಬಹುದಿತ್ತು. ಆಗ ಗುಡ್ಡ ಎಲ್ಲರದೂ ಆಯ್ತು, ಹುಲ್ಲು ಮರ ಚಿಗುರಿತು. ನಮ್ಮ ಕಡೆ ಗೋಮಾಳಕ್ಕೆ ಬೇಲಿ ಹಾಕುವಾಗ ಕುರಿಯವರನ್ನು ಎಷ್ಟು ಜನ ಕೇಳುತ್ತಾರೆ?

ಪಾಠ 5: ಹಣ, ಮತ್ತು ಹೋದ ಮೇಲಿನ ಊರು

2008ರಲ್ಲಿ ಬಯಲು ಸೀಮೆಗೆ ಹೆಕ್ಟೇರಿಗೆ 12,000 ರೂಪಾಯಿ ಇತ್ತು. 2021ರ ಹೊಸ ಹಂತದಲ್ಲಿ 22,000 ಆಯ್ತು. ಒಂದು ಯೋಜನೆಗೆ ಕೋಟಿಗಟ್ಟಲೆ ಹಣ. ಅಳತೆ ಪುಸ್ತಕ ಬರೆಯುವುದು, ಕೂಲಿ ಪಟ್ಟಿ, ಗ್ರಾಮಸಭೆಯಲ್ಲಿ ಲೆಕ್ಕ ಓದುವುದು, ಇವೆಲ್ಲ ಬರಬೇಕು. ಅಳೆಯದೆ ಒಂದು ಸಹಿ ಹಾಕಿದರೆ ಮುಂದಿನ ಸಹಿಗಳೆಲ್ಲ ಬೇರೆಯವರ ಕೈಗೆ ಹೋದಂತೆ.

2008ರ ಮಾರ್ಗಸೂಚಿಯಲ್ಲಿ ಸ್ವಂತ ಹೊಲದ ಕೆಲಸಕ್ಕೆ ರೈತರಿಂದ ಶೇಕಡಾ 10 ವಂತಿಗೆ, ಸಣ್ಣ ರೈತರು ಮತ್ತು ಪರಿಶಿಷ್ಟರಿಂದ 5. ಅದನ್ನು ಜಲಾನಯನ ನಿಧಿಗೆ ಹಾಕಿ, ಯೋಜನೆ ಮುಗಿದ ಮೇಲೆ ಸಾರ್ವಜನಿಕ ಕೆಲಸಗಳ ರಿಪೇರಿಗೆ ಬಳಸಬೇಕು. ನಮ್ಮೂರಲ್ಲಿ ತಂಡ ಹೊರಟ ಮೇಲೆ ಪಾಸ್‌ಬುಕ್ ಯಾರ ಹತ್ತಿರ ಇದೆ ಅಂತ ಹುಡುಕುವುದಕ್ಕೇ ಎರಡು ವರ್ಷ ಹೋಯ್ತು. ಅಷ್ಟರಲ್ಲಿ ಎರಡು ಕೋಡಿ ಕಿತ್ತು ಹೋಗಿದ್ದವು. ಒಳ್ಳೆ ಕೆಲಸಗಾರ ಮೊದಲ ವರ್ಷದಿಂದಲೇ ತಾನು ಹೋಗುವ ದಿನಕ್ಕೆ ಊರನ್ನು ತಯಾರು ಮಾಡುತ್ತಾನೆ.

ಓದು ಮತ್ತು ಸಂಬಳ

ಕೃಷಿ ಪದವಿ, ಕೃಷಿ ಎಂಜಿನಿಯರಿಂಗ್, ಸಮಾಜಕಾರ್ಯ ಓದಿದವರಿಗೆ ಇಲ್ಲಿ ಜಾಗ ಇದೆ. ಬಳ್ಳಾರಿಯಲ್ಲಿ ಕೇಂದ್ರದ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರ, ಧಾರವಾಡದಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ಇವೆ. ಕಲಿಯುವ ಮನಸ್ಸಿದ್ದವರು ಹೋಗಿ ನೋಡಿ ಬರಬೇಕು. ಆದರೆ ಒಂದು ಮಾತು ಮುಚ್ಚಿಡಬಾರದು. ತಂಡದ ಕೆಲಸ ಹೆಚ್ಚಾಗಿ ಗುತ್ತಿಗೆಯದು. ಯೋಜನೆ ಮೂರು ವರ್ಷವೋ ಐದು ವರ್ಷವೋ, ಸಂಬಳವೂ ಅಷ್ಟೇ ದಿನ. ಅನುದಾನ ತಡವಾದರೆ ಸಂಬಳವೂ ತಡ. ಹಾಗಾಗಿ ಕೆಲಸ ಮಾಡುತ್ತಲೇ ನಕ್ಷೆ, ಕಂಪ್ಯೂಟರ್, ಲೆಕ್ಕಪತ್ರ ಕಲಿಯಬೇಕು, ಇಲಾಖೆಯ ಪರೀಕ್ಷೆಗೂ ಓದಬೇಕು.

ತಂಗಿ ಮಗನಿಗೆ ಕೊನೆಗೆ ಹೇಳಿದ್ದು ಹೀಗೆ: "ಸೇರಪ್ಪ. ಆದರೆ ಮೂರು ಮಾತು ಕೊಡು. ಬದು ಹಾಕುವ ಮುಂಚೆ ಕೆಳಗಿನ ಹೊಲದವರನ್ನು ಕೇಳು. ಅಳೆಯದೆ ಸಹಿ ಹಾಕಬೇಡ. ಮಳೆ ಬಂದ ದಿನ ಆಫೀಸಿನಲ್ಲಿ ಕೂರಬೇಡ."

ಅವನು ಸೇರಿದ್ದಾನೆ. ಆ ಹೆಣ್ಣುಮಗಳ ಕೊರಕಲಿಗೆ ನಾವು ಸಮಿತಿಯವರು ನಾಲ್ಕು ಜನ ಕಲ್ಲು ಹೊತ್ತು ತಡೆ ಕಟ್ಟಿದೆವು. ಮಣ್ಣು ಅರ್ಧ ತುಂಬಿದೆ, ಇನ್ನರ್ಧ ತುಂಬಬೇಕು.