ವಿಡಂಬನೆಯ ಪಾಠಕ್ಕೆ ಬಂದ ಬಾರ್ಟ್ ಸಿಂಪ್ಸನ್

ಒಂಬತ್ತನೇ ತರಗತಿಗೆ ವಿಡಂಬನೆ ಕಲಿಸಲು 1992ರ ಒಂದು ಪ್ರಸಂಗವನ್ನು ಆರಿಸಿಕೊಂಡೆ. ಅಮೆರಿಕದ ಕುಟುಂಬಗಳು ‘ದಿ ಸಿಂಪ್ಸನ್ಸ್’ನವರಂತಲ್ಲ, ‘ದಿ ವಾಲ್ಟನ್ಸ್’ನವರಂತೆ ಇರಬೇಕೆಂದು ಅಧ್ಯಕ್ಷ ಬುಷ್ ಜನವರಿ 27ರಂದು ಹೇಳಿದರು. ವಾಲ್ಟನ್ಸ್ 1930ರ ದಶಕದ ಆರ್ಥಿಕ ಕುಸಿತದಲ್ಲಿ ಬದುಕುವ ಕುಟುಂಬ. ಮೂರೇ ದಿನದಲ್ಲಿ ಕಾರ್ಟೂನಿನ ಬಾರ್ಟ್ ಉತ್ತರಿಸಿದ: ನಾವೂ ಅವರಂತೆಯೇ, ಕುಸಿತ ಮುಗಿಯಲೆಂದು ಪ್ರಾರ್ಥಿಸುತ್ತಿದ್ದೇವೆ. ಆಗ ಅಲ್ಲಿ ನಿರುದ್ಯೋಗ ಏರುತ್ತಿತ್ತು. ಚುನಾವಣೆಯ ವರ್ಷ ಬೇರೆ.

ಈ ಹಿನ್ನೆಲೆ ಹೇಳುವವರೆಗೆ ಯಾರೂ ನಗಲಿಲ್ಲ. ನಕ್ಕ ಮೇಲೆ ತರಗತಿ ಎರಡಾಯಿತು.

“ಅಷ್ಟು ದೊಡ್ಡವರಿಗೆ ಹಾಗನ್ನಬಹುದಾ ಸಾರ್?” ಎಂದಳೊಬ್ಬಳು.

“ಮೊದಲು ಅಂದದ್ದು ಅವರೇ ಅಲ್ವಾ?” ಎಂದ ಹಿಂದಿನ ಬೆಂಚಿನವನು.

ಬಾರ್ಟ್ ಚುಚ್ಚಿದ್ದು ವ್ಯಕ್ತಿಯನ್ನೋ, ಮಾತನ್ನೋ? ಆಧಾರ ತೋರಿಸಿ ಬರೆಯಿರಿ ಎಂದೆ. ಅಧ್ಯಕ್ಷರ ಹೆಸರೇ ಅದರಲ್ಲಿಲ್ಲ, ಆದರೂ ನನಗೆ ಸರಿಕಾಣಲಿಲ್ಲ ಎಂದು ಆ ಹುಡುಗಿ ಬರೆದಳು. ಪೂರ್ಣ ಅಂಕ ಕೊಟ್ಟೆ. ಪಾಠ ವೀಕ್ಷಿಸಿದ ಅಧ್ಯಾಪಕರು ಅದನ್ನು ಇನ್ನೂ ಒಪ್ಪಿಲ್ಲ.