ಮಾರ್ಚ್ ಅಂತ್ಯದ ಕಲಂ ಓದುವ ಬಗೆ

ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪ್ರಗತಿ ಪರಿಶೀಲನಾ ಸಭೆಗೆ ಮುನ್ನ ಪ್ರತಿ ಇಲಾಖೆಯೂ ಜಿಲ್ಲಾ ಪಂಚಾಯತಿಗೆ ಒಂದು ತಖ್ತೆ ಕಳಿಸುತ್ತದೆ. ಅನುದಾನ, ಬಿಡುಗಡೆ, ವೆಚ್ಚ, ಕೊನೆಗೆ ‘ಮಾರ್ಚ್ ಅಂತ್ಯಕ್ಕೆ ನಿರೀಕ್ಷಿತ ವೆಚ್ಚ’. ಲೆಕ್ಕಪತ್ರ ಶಾಖೆಯಲ್ಲಿ ಈ ಕೊನೆಯ ಕಲಂ ಓದುತ್ತಾ ಕಲಿತದ್ದು ಇಷ್ಟು.

1. ಶೇಕಡಾ ಯಾವುದರ ಮೇಲೆ ಎಂದು ಮೊದಲು ಕೇಳಿ. ಅನುದಾನ 12 ಕೋಟಿ, ಬಿಡುಗಡೆ 3 ಕೋಟಿ, ವೆಚ್ಚ 2.70 ಕೋಟಿ ಎಂದುಕೊಳ್ಳಿ. ಬಿಡುಗಡೆಯ ಮೇಲೆ ಶೇ 90ರಷ್ಟು ಸಾಧನೆ, ಅನುದಾನದ ಮೇಲೆ ಬರೀ ಶೇ 22.5. ಸಭೆಯಲ್ಲಿ ಓದುವುದು ಮೊದಲನೆಯದನ್ನು. ಡಿಸೆಂಬರ್‌ನಲ್ಲೂ ಸ್ಥಿತಿ ಹೀಗಿದ್ದರೆ, ಬಿಡುಗಡೆ ಏಕೆ ನಿಂತಿದೆ ಎಂಬುದೇ ಚರ್ಚೆಯಾಗಬೇಕು. ಎಷ್ಟೋ ಸಲ ಹಿಂದಿನ ಕಂತಿನ ಹಣ ಬಳಕೆ ಪ್ರಮಾಣಪತ್ರವೇ ಮೇಲಕ್ಕೆ ಹೋಗಿರುವುದಿಲ್ಲ.

2. ಸಂಬಳವನ್ನು ಬೇರೆ ಇಡಿ. ಜಿಲ್ಲೆಯ ಅನುದಾನಗಳನ್ನು ತೋರಿಸುವ ಬಜೆಟ್ ಪುಸ್ತಕವಾದ ಲಿಂಕ್ ಡಾಕ್ಯುಮೆಂಟ್‌ನ ದೊಡ್ಡ ಪಾಲು ಸಂಬಳದ್ದು. ಅದು ತಿಂಗಳು ತಿಂಗಳೂ ತಾನಾಗಿ ಖರ್ಚಾಗುತ್ತದೆ. ಅದರ ಜೊತೆ ಕೂಡಿಸಿದರೆ ಹಿಂದೆ ಬಿದ್ದ ಕಾಮಗಾರಿ ಕಣ್ಣಿಗೇ ಬೀಳದು.

3. ನಿರೀಕ್ಷಿತ ವೆಚ್ಚ ಕಾಮಗಾರಿ ಪಟ್ಟಿಯಿಂದ ಹುಟ್ಟಬೇಕು. ಹಲವು ತಖ್ತೆಗಳಲ್ಲಿ ಆ ಕಲಂ ಅನುದಾನದ ಅಂಕಿಯ ನಕಲು ಮಾತ್ರ. ಅಂಗನವಾಡಿ ಕಟ್ಟಡವೊಂದರ ಎದುರು ಪೂರ್ತಿ ಮೊತ್ತ ಬರೆದು, ಷರಾದಲ್ಲಿ ‘ನಿವೇಶನ ಗುರುತಿಸಲಾಗುತ್ತಿದೆ’ ಎಂದಿತ್ತು. ಅದು ಡಿಸೆಂಬರ್. ಜಾಗ ಸಿಕ್ಕಿ, ಪಹಣಿ ನೋಡಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಮುಗಿದು, ಪಾಯ ತೆಗೆದು, ಛಾವಣಿ ಹಾಕಿ, ನೀರುಣಿಸಿ, ಅಳತೆ ಪುಸ್ತಕ ಬರೆದು, ಬಿಲ್ಲು ಖಜಾನೆಗೆ ಹೋಗುವುದೆಲ್ಲ ಮೂರು ತಿಂಗಳಲ್ಲಿ ಆಗುವ ಕೆಲಸವೇ? ಅಂಥ ಸಾಲು ಕಂಡರೆ ಸಂಬಂಧಪಟ್ಟ ಎಂಜಿನಿಯರನ್ನೇ ಕೂರಿಸಿ, ಒಂದೊಂದು ಕಾಮಗಾರಿ ಯಾವ ಹಂತದಲ್ಲಿದೆ ಎಂದು ಬರೆಸಿ. ಕಾರ್ಯಾದೇಶ ಆಗದ್ದಕ್ಕೆ ಸೊನ್ನೆ ಹಾಕಿ. ಮೊತ್ತ ಕುಸಿಯುತ್ತದೆ, ಸಭೆಯಲ್ಲಿ ಮುಖಗಳು ಬಾಡುತ್ತವೆ. ಆದರೆ ನಂಬಬಹುದಾದ ಅಂಕಿ ಅದೊಂದೇ.

4. ಹಣ ಹೋಯಿತೆಂದರೆ ಕೆಲಸವಾಯಿತೆಂದಲ್ಲ. ಅನುಷ್ಠಾನ ಸಂಸ್ಥೆಯ ಬ್ಯಾಂಕ್ ಖಾತೆಗೆ ಠೇವಣಿ ಇಟ್ಟ ಕ್ಷಣವೇ ರಾಜ್ಯದ ಖಜಾನೆ ತಂತ್ರಾಂಶವಾದ ಖಜಾನೆ-2ರಲ್ಲಿ ಅದು ವೆಚ್ಚ. ಸಿಎಜಿ ವರದಿಗಳು ಇದನ್ನು ಮತ್ತೆ ಮತ್ತೆ ಆಕ್ಷೇಪಿಸಿವೆ. ಭೌತಿಕ ಪ್ರಗತಿಯ ಜೊತೆಗೆ ಆ ಖಾತೆಯಲ್ಲಿ ಉಳಿದ ಮೊತ್ತವನ್ನೂ ಕೇಳಿ ಪಡೆಯಿರಿ.

5. ಮಾರ್ಚ್ ತಿಂಗಳ ಪಾಲು ನೋಡಿ. ಕೇಂದ್ರದ ಹಣಕಾಸು ಸಚಿವಾಲಯ ತನ್ನ ಇಲಾಖೆಗಳಿಗೆ ಸಾಮಾನ್ಯವಾಗಿ ಕೊನೆಯ ತ್ರೈಮಾಸಿಕಕ್ಕೆ ಶೇ 33, ಮಾರ್ಚ್‌ಗೆ ಶೇ 15 ಮಿತಿ ಹಾಕುತ್ತದೆ. ಜಿಲ್ಲೆಗೂ ಅದು ಒಳ್ಳೆಯ ಅಳತೆಗೋಲು.

6. ಖರ್ಚಾಗದ್ದನ್ನು ಡಿಸೆಂಬರ್‌ನಲ್ಲೇ ಹೇಳಿಸಿ. ಅನುದಾನ ವಾಪಸ್ ಹೋದರೆ ಮುಂದಿನ ವರ್ಷ ಕಡಿತವಾದೀತೆಂಬ ಭಯದಿಂದ ಅಧಿಕಾರಿಗಳು ಬಾಯಿ ಬಿಡುವುದಿಲ್ಲ. ಆ ಭಯ ಸುಳ್ಳೂ ಅಲ್ಲ. ಆದರೂ ಬೇಗ ತಿಳಿದರೆ ಕೊರತೆ ಇರುವ ಕಡೆಗೆ ಮರುಹೊಂದಾಣಿಕೆಗೆ ಪ್ರಸ್ತಾವ ಕಳಿಸಬಹುದು. ಎಲ್ಲ ಹಣವನ್ನೂ ಹೀಗೆ ತಿರುಗಿಸಲಾಗದು. ಪರಿಶಿಷ್ಟ ಜಾತಿ ಉಪಯೋಜನೆ, ಗಿರಿಜನ ಉಪಯೋಜನೆಗಳಿಗೆ ರಾಜ್ಯದ 2013ರ ಕಾಯ್ದೆಯ ಕಾವಲಿದೆ, ಇರಲೇಬೇಕು. ಕೊರತೆ ಬೇಗ ತಿಳಿಯದಿದ್ದರೆ ಏನಾಗುತ್ತದೆ ನೋಡಿ: ವಿದ್ಯಾರ್ಥಿನಿಲಯದ ಆಹಾರದ ಹಣ ವರ್ಷದ ಕೊನೆಗೆ ಸಾಲದೆ ಬಂದಾಗ ವಾರ್ಡನ್ ಕಿರಾಣಿ ಅಂಗಡಿಯಲ್ಲಿ ಸಾಲ ಬರೆಸುತ್ತಾರೆ, ಮಕ್ಕಳ ತಟ್ಟೆಯಲ್ಲಿ ತರಕಾರಿ ಕಡಿಮೆಯಾಗುತ್ತದೆ. ಅದಕ್ಕೇ ಡಿಸೆಂಬರ್ ಪರಿಶೀಲನೆಯಲ್ಲಿ ನಾನು ಮೊದಲು ತೆಗೆಸುವುದು ತಖ್ತೆಯಲ್ಲಿನ ಆಹಾರದ ಸಾಲನ್ನು: ಮಾರ್ಚ್‌ವರೆಗಿನ ಊಟಕ್ಕೆ ಎಷ್ಟು ಬೇಕು, ಕೈಯಲ್ಲಿ ಎಷ್ಟಿದೆ.