ಊಟ ಮತ್ತು ಮನಸ್ಸು

ಮಕ್ಕಳೇ, ಕೆಲವು ದಿನ ನಿಮಗೆ ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಗೆಳೆಯ ಪೆನ್ಸಿಲ್ ಕೇಳಿದರೂ ಜಗಳವಾಡುತ್ತೀರಿ. ಓದಿದ್ದು ತಲೆಗೆ ಹತ್ತುವುದಿಲ್ಲ. ಆಗ ನಿಮಗೆ ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ‘ನಾನು ಮುಂಜಾನೆ ಏನು ತಿಂದೆ?’

ನಾನು ಹೊಸದಾಗಿ ಶಿಕ್ಷಕನಾದಾಗ ನಾಲ್ಕನೆಯ ವರ್ಗದಲ್ಲಿ ಒಬ್ಬ ಹುಡುಗನಿದ್ದ. ಮೂರನೆಯ ತಾಸಿಗೆ ದಿನವೂ ಯಾರೊಡನೆಯಾದರೂ ಜಗಳ ತೆಗೆಯುತ್ತಿದ್ದ. ನಾನು ಗದರಿಸಿ ಅವನನ್ನು ಹಿಂದೆ ಕೂರಿಸುತ್ತಿದ್ದೆ. ಒಂದು ದಿನ ಅವನ ಅಜ್ಜಿ ಶಾಲೆಗೆ ಬಂದರು. “ಅವ್ವ ಅಪ್ಪ ನಸುಕಿನ್ಯಾಗ ಕೂಲಿಗೆ ಹೋಗ್ತಾರ್ರಿ ಸರ್. ಇವ ಬರೀ ಚಹಾ ಕುಡದು ಸಾಲಿಗೆ ಬರ್ತಾನ” ಎಂದರು. ನನಗೆ ನಾಚಿಕೆಯಾಯಿತು. ಹಸಿದ ಮಗುವನ್ನು ನಾನು ಗದರಿಸುತ್ತಿದ್ದೆ! ಮರುದಿನದಿಂದ ಅಜ್ಜಿ ರೊಟ್ಟಿ, ಶೇಂಗಾ ಹಿಂಡಿ ತಿನ್ನಿಸಿ ಕಳುಹಿಸತೊಡಗಿದರು. ಜಗಳ ಪೂರ್ತಿ ನಿಲ್ಲಲಿಲ್ಲ, ಆದರೆ ಕಡಿಮೆಯಾಯಿತು. ಲೆಕ್ಕ ಕೇಳಿದರೆ ಅವನು ಕೈ ಎತ್ತತೊಡಗಿದ.

ಹೀಗೇಕೆ ಆಗುತ್ತದೆ? ದೊಡ್ಡವರ ಮಿದುಳಿನ ತೂಕ ಶರೀರದ ತೂಕದ ನೂರರಲ್ಲಿ ಸುಮಾರು 2 ಪಾಲು ಮಾತ್ರ. ಆದರೆ ಅದು ಶರೀರದ ಶಕ್ತಿಯಲ್ಲಿ ನೂರರಲ್ಲಿ ಸುಮಾರು 20 ಪಾಲನ್ನು ಬಳಸುತ್ತದೆ. ಈ ಶಕ್ತಿ ನಾವು ಉಣ್ಣುವ ಅನ್ನದಿಂದಲೇ ಬರಬೇಕು. ಬಹಳ ಹೊತ್ತು ಹಸಿದಿದ್ದರೆ ಗಮನ ಚದರುತ್ತದೆ, ಸಿಟ್ಟು ಬೇಗ ಬರುತ್ತದೆ. ಬರೀ ಚಹಾ-ಖಾರಿಯಿಂದ ಹಸಿವು ಹೆಚ್ಚು ಹೊತ್ತು ತಡೆಯುವುದಿಲ್ಲ. ಜೋಳದ ರೊಟ್ಟಿ, ಬೇಳೆ, ಕಾಳುಗಳು ನಿಧಾನವಾಗಿ ಜೀರ್ಣವಾಗಿ ಬಹಳ ಹೊತ್ತು ಶಕ್ತಿ ಕೊಡುತ್ತವೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ ದಣಿವು, ಬೇಸರ ಬರುತ್ತವೆ. ಸೊಪ್ಪಿನ ಪಲ್ಯ, ಕಾಳುಗಳಲ್ಲಿ ಕಬ್ಬಿಣವಿದೆ. ಜೊತೆಗೆ ನಿಂಬೆ ಅಥವಾ ಪೇರಲ ತಿಂದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಚಹಾ ಕುಡಿದರೆ ಹತ್ತುವುದು ಕಡಿಮೆ.

ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮಗೆ ಇಂತಹ ಊಟ ಹೊಸದಲ್ಲ. ಮಾರ್ಗಶಿರ ಮಾಸದ ಎಳ್ಳ ಅಮಾವಾಸ್ಯೆಯನ್ನು ನೆನಪಿಸಿಕೊಳ್ಳಿರಿ. ನಮ್ಮ ಮರಾಠಿ ಗೆಳೆಯರು ಇದನ್ನು ‘ಯೇಳವಸ’ ಎನ್ನುತ್ತಾರೆ. ಅಂದು ಕಾಳು-ಸೊಪ್ಪುಗಳ ಭಜ್ಜಿ, ಸಜ್ಜೆಯ ಉಂಡೆ, ಜೋಳದ ಅಂಬಲಿ ಹೊತ್ತು ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಬಂಧುಗಳು, ಗೆಳೆಯರು, ದಾರಿಹೋಕರು ಎಲ್ಲರನ್ನೂ ಕರೆದು ಒಟ್ಟಿಗೆ ಉಣ್ಣುತ್ತೇವೆ. ಅಂದು ಮನಸ್ಸು ಎಷ್ಟು ಹಗುರಾಗಿರುತ್ತದೆ! ಕೂಡಿ ಉಣ್ಣುವುದೂ ಮನಸ್ಸಿಗೆ ಊಟವೇ.

ಶಾಲೆಯ ಮಧ್ಯಾಹ್ನದ ಊಟವೂ ಹಾಗೆಯೇ. ದೇಶದಲ್ಲಿ ಈ ಯೋಜನೆ 1995ರ ಆಗಸ್ಟ್ 15ರಂದು ಆರಂಭವಾಯಿತು. ಅಲ್ಲಿ ಎಲ್ಲರಿಗೂ ಒಂದೇ ಸಾಲು, ಒಂದೇ ಖಿಚಡಿ. ಪಕ್ಕದ ಗೆಳೆಯ ಸಿಟ್ಟಿನಲ್ಲಿದ್ದರೆ ಅಣಕಿಸಬೇಡಿರಿ. “ಉಂಡ್ಯೇನೋ?” ಎಂದು ಮೊದಲು ಕೇಳಿರಿ.

ಒಂದು ಮಾತು ನೆನಪಿರಲಿ. ಎಲ್ಲ ದುಃಖವೂ ಊಟದಿಂದ ಹೋಗುವುದಿಲ್ಲ. ಹೊಟ್ಟೆ ತುಂಬ ಉಂಡರೂ ಮನಸ್ಸು ಹಲವು ದಿನ ಭಾರವಾಗಿದ್ದರೆ ಮನೆಯವರಿಗೆ ಅಥವಾ ಗುರುಗಳಿಗೆ ಹೇಳಿರಿ. ಹೇಳುವುದು ನಾಚಿಕೆಯ ಮಾತಲ್ಲ.

ಸ್ವಾಧ್ಯಾಯ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹುಡುಗನು ಶಾಲೆಗೆ ಏನು ಕುಡಿದು ಬರುತ್ತಿದ್ದನು?
2. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಏನೇನು ಒಯ್ಯುತ್ತಾರೆ?

ಆ) ಎರಡು-ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗುರುಗಳಿಗೆ ನಾಚಿಕೆಯಾದದ್ದು ಏಕೆ?
2. ಬಹಳ ಹೊತ್ತು ಹಸಿದಿದ್ದರೆ ಏನಾಗುತ್ತದೆ?

ಉಪಕ್ರಮ: ಒಂದು ವಾರ ಮುಂಜಾನೆ ಏನು ತಿಂದಿರಿ, ಮೂರನೆಯ ತಾಸಿಗೆ ಮನಸ್ಸು ಹೇಗಿತ್ತು ಎಂದು ವಹಿಯಲ್ಲಿ ಬರೆದಿಡಿರಿ. ವಾರದ ಕೊನೆಗೆ ಓದಿ ನೋಡಿರಿ.